ಮನೆಗೆ ಯಾವ ಇಂಟರ್‌ನೆಟ್, ಯಾವ ಯಂತ್ರ? ಮಲೆನಾಡಿನ ಜಗುಲಿಯಿಂದ ಒಂದು ಹೋಲಿಕೆ

2020ರ ಮಳೆಗಾಲದಲ್ಲಿ ನಮ್ಮ ಮನೆಯ ಹಿಂದಿನ ಬೆಟ್ಟದಲ್ಲಿ, ಮತ್ತಿ ಮರದ ಪಕ್ಕ, ನಾಲ್ಕು ಗಳ ನೆಟ್ಟು ನೀಲಿ ತಾಡಪತ್ರಿ ಹೊದಿಸಿದ ಒಂದು ಚಪ್ಪರವಿತ್ತು. ಒಂಬತ್ತನೇ ತರಗತಿಯಲ್ಲಿದ್ದ ಮಗಳು ಬೆಳಿಗ್ಗೆ ಒಂಬತ್ತೂವರೆಗೆ ಮೊಬೈಲು, ಪಟ್ಟಿ, ಉಂಬಳ ಹತ್ತಿದರೆ ಹಾಕಲು ಒಂದು ಪೊಟ್ಟಣ ಉಪ್ಪು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ಮನೆಯೊಳಗೆ ಸಿಗ್ನಲ್ಲಿನ ಒಂದು ಕಡ್ಡಿಯೂ ಇರಲಿಲ್ಲ. ಬೆಟ್ಟದ ಆ ಒಂದು ಜಾಗದಲ್ಲಿ ಎರಡು ಕಡ್ಡಿ ಸಿಗುತ್ತಿತ್ತು, ಗಾಳಿ ಜೋರಾದರೆ ಅದೂ ಹೋಗುತ್ತಿತ್ತು. ಮುಂದಿನ ವರ್ಷ ಕೇಬಲ್‌ನವರು ಕಂಬದಿಂದ ಕಂಬಕ್ಕೆ ಫೈಬರ್ ಎಳೆದುಕೊಂಡು ನಮ್ಮೂರಿಗೆ ಬಂದರು. ಅಂದಿನಿಂದ ಅಕ್ಕಪಕ್ಕದ ಮನೆಯವರು ಹೊಸ ಸಂಪರ್ಕ ಹಾಕಿಸುವ ಮೊದಲು, ಮಕ್ಕಳಿಗೆ ಲ್ಯಾಪ್‌ಟಾಪ್ ಕೊಳ್ಳುವ ಮೊದಲು ನಮ್ಮ ಜಗುಲಿಗೆ ಬಂದು "ಅಕ್ಕಾ, ಯಾವುದು ಒಳ್ಳೆಯದು?" ಎಂದು ಕೇಳುವುದು ರೂಢಿಯಾಗಿದೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬಂದವರಿಗೆ ಮೊದಲು ಒಂದು ಪ್ರಶ್ನೆ ಹಾಕುತ್ತೇನೆ: ಮನೆಯ ಯಜಮಾನರು ಪೇಟೆಗೆ ಹೋದಾಗ ಮನೆಯಲ್ಲಿ ಇಂಟರ್‌ನೆಟ್ ಇರುತ್ತದೆಯೇ? ಹೆಚ್ಚಿನ ಮನೆಗಳಲ್ಲಿ ಇರುವುದು ಜೇಬಿನ ಇಂಟರ್‌ನೆಟ್. ಜೇಬು ತೋಟಕ್ಕೆ ಹೋದರೆ ಅದೂ ತೋಟಕ್ಕೆ ಹೋಗುತ್ತದೆ, ಮಕ್ಕಳು ಸಂಜೆಯವರೆಗೆ ಕಾಯಬೇಕು. ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2011ರ ಜನಗಣತಿಯಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ ಹತ್ತಕ್ಕಿಂತ ಕಡಿಮೆ, ಕಂಪ್ಯೂಟರಿನೊಂದಿಗೆ ಇಂಟರ್‌ನೆಟ್ ಕೂಡ ಇದ್ದದ್ದು ಸುಮಾರು ಮೂರು ಮನೆಗಳಲ್ಲಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಹೊತ್ತಿಗೂ ಹಳ್ಳಿಯ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಷ್ಟರಲ್ಲಿ ಮಾತ್ರ, ಪಟ್ಟಣಗಳಲ್ಲಿ ಶೇ. 23.4. ಈ ನಡುವೆ 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, ಸ್ಮಾರ್ಟ್‌ಫೋನು ಮನೆಮನೆಗೆ ನುಗ್ಗಿತು. 2025ರ ಸಮೀಕ್ಷೆಯಲ್ಲಿ ದೇಶದ ಶೇ. 86.3ರಷ್ಟು ಮನೆಗಳಲ್ಲಿ ಇಂಟರ್‌ನೆಟ್ ಇದೆ ಎಂದು ಬಂತು. ಏರಿಕೆ ದೊಡ್ಡದೇ, ಸಂತೋಷವೇ. ಆದರೆ ಇದರಲ್ಲಿ ಬಹುಪಾಲು ಫೋನಿನ ಇಂಟರ್‌ನೆಟ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಮೊಬೈಲ್ ಇದೆ ಎಂದ ಹೆಣ್ಣುಮಕ್ಕಳು ನೂರಕ್ಕೆ 54. ಉಳಿದವರು ಗಂಡನದ್ದೋ ಮಗನದ್ದೋ ಫೋನು ಖಾಲಿಯಾಗುವುದನ್ನು ಕಾಯುವವರು. ಆದ್ದರಿಂದ ನನ್ನ ಹೋಲಿಕೆಯಲ್ಲಿ ವೇಗಕ್ಕಿಂತ ಮೊದಲು ನೋಡುವುದು, ಈ ಖರ್ಚಿನಿಂದ ಮನೆಯಲ್ಲಿ ಕಾಯುವವರ ಸಂಖ್ಯೆ ಕಡಿಮೆಯಾಗುತ್ತದೆಯೇ ಎಂಬುದನ್ನು.

ತಂತಿಯೋ, ಗಾಳಿಯೋ

ನಮ್ಮಂಥ ಊರಿನಲ್ಲಿ ಮನೆಗೆ ಇಂಟರ್‌ನೆಟ್ ಬರುವ ದಾರಿ ಮೂರು: ಮೊಬೈಲಿನ ಹಾಟ್‌ಸ್ಪಾಟ್, ಮಾಡಿನ ಮೇಲೆ ಪೆಟ್ಟಿಗೆ ಕೂರಿಸುವ 5ಜಿ ಏರ್‌ಫೈಬರ್, ಕಂಬದಿಂದ ಬರುವ ಫೈಬರ್ ತಂತಿ. ಹಳೆಯ ತಾಮ್ರದ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡ್ ಇನ್ನೂ ಜೀವಂತವಿದ್ದರೆ ಅದನ್ನು ಫೈಬರ್‌ಗೆ ಬದಲಿಸಿಕೊಳ್ಳಿ, ಅದರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ.

ಹಾಟ್‌ಸ್ಪಾಟ್‌ನಿಂದ ಶುರು ಮಾಡೋಣ, ಏಕೆಂದರೆ ಎಲ್ಲರ ಬಳಿಯೂ ಈಗಾಗಲೇ ಇರುವುದು ಅದೇ. ಒಬ್ಬರೋ ಇಬ್ಬರೋ ಇರುವ ಮನೆ, ದಿನಕ್ಕೆ ಒಂದಿಷ್ಟು ವಾಟ್ಸ್‌ಆ್ಯಪ್, ಸುದ್ದಿ, ವಾರಕ್ಕೊಮ್ಮೆ ಮಗನ ಜೊತೆ ವಿಡಿಯೊ ಕರೆ ಎಂದಾದರೆ ಅಷ್ಟೇ ಸಾಕು, ಮತ್ತೊಂದು ಬಿಲ್ಲು ಬೇಡ. ತೊಂದರೆ ಶುರುವಾಗುವುದು ಓದುವ ಮಕ್ಕಳಿದ್ದಾಗ. ಯೂಟ್ಯೂಬ್‌ನಲ್ಲಿ 720ಪಿ ಗುಣಮಟ್ಟದ ಪಾಠ ಒಂದು ಗಂಟೆಗೆ ಸುಮಾರು ಒಂದರಿಂದ ಒಂದೂವರೆ ಜಿಬಿ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ರೀಚಾರ್ಜ್ ಹಾಕಿಸಿದವರ ಡೇಟಾ ಬೆಳಗಿನ ತಿಂಡಿಯ ಹೊತ್ತಿಗೇ ಮುಗಿಯುತ್ತದೆ. ಫೋನು ಬಿಸಿಯಾಗುತ್ತದೆ, ಬ್ಯಾಟರಿ ಇಳಿಯುತ್ತದೆ, ನಡುವೆ ಯಾರಾದರೂ ಕರೆ ಮಾಡಿದರೆ ಕೆಲವು ಫೋನುಗಳಲ್ಲಿ ಪಾಠವೇ ನಿಂತುಬಿಡುತ್ತದೆ.

ಏರ್‌ಫೈಬರ್ ಹೊಸದು. ನಮ್ಮ ದೇಶದಲ್ಲಿ 5ಜಿ ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಏರ್‌ಟೆಲ್ ಮತ್ತು ಜಿಯೋ ಎರಡೂ ಈ ಸೇವೆಯನ್ನು 2023ರ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ತೆರೆದವು. ಮೊಬೈಲ್ ಗೋಪುರದಿಂದ ಬರುವ 5ಜಿ ಅಲೆಯನ್ನು ಮಾಡಿನ ಮೇಲಿನ ಪೆಟ್ಟಿಗೆ ಹಿಡಿದು, ಮನೆಯೊಳಗೆ ವೈಫೈ ಹಂಚುವ ರೂಟರ್‌ಗೆ ತಂತಿಯಲ್ಲಿ ಕಳಿಸುತ್ತದೆ. ಹೆಸರಿನಲ್ಲಿ ಫೈಬರ್ ಎಂದಿದ್ದರೂ ಮನೆಗೆ ಫೈಬರ್ ಬರುವುದಿಲ್ಲ, ಇದನ್ನು ನಾನು ಬಂದವರಿಗೆಲ್ಲ ಒತ್ತಿ ಹೇಳುತ್ತೇನೆ. ಗುಣ ಏನೆಂದರೆ ಕಂಬ ಬೇಡ, ಅಗೆಯುವುದು ಬೇಡ, ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ. ಪೇಟೆಯ ಅಂಚಿನ ಹೊಸ ಬಡಾವಣೆ, ಬಾಡಿಗೆ ಮನೆ, ವರ್ಷಕ್ಕೊಮ್ಮೆ ಮನೆ ಬದಲಿಸುವ ನೌಕರರು, ಇವರಿಗೆಲ್ಲ ಚೆನ್ನಾಗಿ ಹೊಂದುತ್ತದೆ.

ತೋಟದ ಮನೆಗೆ ಬಂದರೆ ಲೆಕ್ಕ ಬೇರೆ. ಗೋಪುರಕ್ಕೂ ಮಾಡಿಗೂ ನಡುವೆ ಏನಿದೆ ಎಂಬುದೇ ಎಲ್ಲ. 5ಜಿಯಲ್ಲಿ ಹೆಚ್ಚು ವೇಗ ಕೊಡುವ 3.5 ಗಿಗಾಹರ್ಟ್ಸ್ ಸುತ್ತಲಿನ ಅಲೆಗಳು ಗುಡ್ಡವನ್ನು ದಾಟುವುದಿಲ್ಲ, ಒದ್ದೆಯಾದ ದಟ್ಟ ಎಲೆಯ ಹಿಂದೆ ಸೊರಗುತ್ತವೆ. ನಮ್ಮ ಕೆಳಗಿನ ಮನೆಯವರು ಮಾರ್ಚ್ ತಿಂಗಳಲ್ಲಿ ಹಾಕಿಸಿದರು. ಎಲೆ ಉದುರಿದ ಬೆಟ್ಟ, ಒಳ್ಳೆಯ ಬಿಸಿಲು, ಬಂದವರು ಅಳೆದು ತೋರಿಸಿದಾಗ ವೇಗವೂ ಚೆನ್ನಾಗಿತ್ತು. ಜುಲೈಯಲ್ಲಿ ಬೆಟ್ಟ ಹಸಿರಾದ ಮೇಲೆ ಸಂಜೆಯ ಹೊತ್ತು ಚಿತ್ರ ತಿರುಗುತ್ತ ನಿಲ್ಲತೊಡಗಿತು. ಒಂದು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಅಳವಡಿಕೆಯ ಶುಲ್ಕ ಇಲ್ಲ ಎಂದಿದ್ದಕ್ಕೆ ಅವರು ವರ್ಷದ್ದನ್ನೂ ಕಟ್ಟಿಬಿಟ್ಟಿದ್ದರು. ಹಾಗಾಗಿ ಏರ್‌ಫೈಬರ್ ಹಾಕಿಸುವವರು ಮೊದಲ ಸಲ ಮೂರು ತಿಂಗಳದ್ದೋ ಆರು ತಿಂಗಳದ್ದೋ ಕಟ್ಟಿ, ಒಂದು ಮಳೆಗಾಲ ನೋಡಿ. ಶುಲ್ಕ ಕೊಟ್ಟರೂ ಪರವಾಗಿಲ್ಲ.

ಫೈಬರ್ ನನ್ನ ಆಯ್ಕೆ. ಕಂಬ ಮನೆಯ ಹತ್ತಿರ ಇದ್ದರೆ ಎರಡನೇ ಯೋಚನೆ ಬೇಡ ಎನ್ನುತ್ತೇನೆ. ಕೂದಲೆಳೆಯಂಥ ಗಾಜಿನ ದಾರದಲ್ಲಿ ಬೆಳಕು ಓಡುತ್ತದೆ. ಎಲೆ, ಗೋಡೆ, ಮಂಜು ಯಾವುದೂ ಅದಕ್ಕೆ ಅಡ್ಡಿಯಲ್ಲ. ಒಂದು ದಾರವನ್ನು ಬೀದಿಯಲ್ಲಿ ಸೀಳಿ 32 ಅಥವಾ 64 ಮನೆಗಳಿಗೆ ಹಂಚುತ್ತಾರೆ. ಹಾಗೆ ಹಂಚಿದರೂ ಒಂದೊಂದು ಮನೆಗೆ ಸಾಕಾಗುವಷ್ಟು ಉಳಿಯುತ್ತದೆ. ಸಂಜೆ ನಿಧಾನವಾದರೆ ತಪ್ಪು ಸಾಮಾನ್ಯವಾಗಿ ನಿಮ್ಮ ತಂತಿಯದ್ದಲ್ಲ, ಊರಿಗೆ ಕೊಡುವವರು ಮೇಲಿನಿಂದ ಎಷ್ಟು ಕೊಂಡಿದ್ದಾರೆ ಎಂಬುದರದ್ದು. ಅದಕ್ಕಾಗಿಯೇ ಕಂಪನಿಯ ಹೆಸರಿಗಿಂತ ಊರಿನಲ್ಲಿ ಅದನ್ನು ನಡೆಸುವವರು ಯಾರು ಎಂದು ಕೇಳುವುದು ಮುಖ್ಯ. ಬಿಎಸ್‌ಎನ್‌ಎಲ್ ಫೈಬರ್ ಕೂಡ ಬಹಳ ಕಡೆ ಸ್ಥಳೀಯ ಕೇಬಲ್‌ನವರ ಕೈಯಲ್ಲೇ ನಡೆಯುತ್ತದೆ. ಮರ ಬಿದ್ದು ತಂತಿ ತುಂಡಾದಾಗ ಯಾರು ಏಣಿ ಹೊತ್ತು ಬರುತ್ತಾರೆ, ಎಷ್ಟು ದಿನಕ್ಕೆ ಬರುತ್ತಾರೆ? ಈಗಾಗಲೇ ಹಾಕಿಸಿದ ಇಬ್ಬರು ನೆರೆಯವರನ್ನು ಕೇಳಿದರೆ ಯಾವ ಜಾಹೀರಾತೂ ಹೇಳದ ಉತ್ತರ ಸಿಗುತ್ತದೆ.

ಫೈಬರ್‌ನ ಶತ್ರುಗಳು ಮೂರು: ಮರ, ಮಂಗ, ಜೆಸಿಬಿ. ರಸ್ತೆ ಅಗಲ ಮಾಡುವ ವರ್ಷ ನಮ್ಮಲ್ಲಿ ಒಂದೇ ತಿಂಗಳಲ್ಲಿ ನಾಲ್ಕು ಸಲ ತುಂಡಾಯಿತು. ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬ ಚಿಕ್ಕ ದೀಪ ಇರುತ್ತದೆ. ಅದು ಕೆಂಪಾಗಿ ಮಿನುಗಿದರೆ ಬೆಳಕು ಬರುತ್ತಿಲ್ಲ, ತಂತಿ ಎಲ್ಲೋ ಕಡಿದಿದೆ ಅಥವಾ ಮಡಚಿದೆ ಎಂದು ಅರ್ಥ. ಆಗ ರೂಟರನ್ನು ಹತ್ತು ಸಲ ಆರಿಸಿ ಹೊತ್ತಿಸಿ ಪ್ರಯೋಜನವಿಲ್ಲ, ನೇರವಾಗಿ ಕೇಬಲ್‌ನವರಿಗೆ "ಕೆಂಪು ದೀಪ ಬರುತ್ತಿದೆ" ಎಂದು ಹೇಳಿ. ಆ ಒಂದು ಮಾತಿನಿಂದ ಅವರಿಗೆ ಏಣಿ ತರಬೇಕೆಂದು ತಿಳಿಯುತ್ತದೆ. ಕೆಂಪು ದೀಪ ಇಲ್ಲದೆಯೂ ಇಂಟರ್‌ನೆಟ್ ಇಲ್ಲವೆಂದಾದರೆ ಮಾತ್ರ ಆರಿಸಿ ಹೊತ್ತಿಸುವ ಉಪಾಯ.

ಒಳಗೆ ಸಿಗ್ನಲ್ ಇಲ್ಲದ ಮನೆಗಳಿಗೆ ಫೈಬರ್‌ನಿಂದ ಇನ್ನೊಂದು ಉಪಕಾರವಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ವೈಫೈ ಕಾಲಿಂಗ್' ಎಂಬುದನ್ನು ತೆರೆದಿಟ್ಟರೆ ಸಾಮಾನ್ಯ ಕರೆಗಳೇ ವೈಫೈ ಮೂಲಕ ಬರುತ್ತವೆ. ಹಲವು ಫೋನುಗಳಲ್ಲಿ ಬ್ಯಾಂಕಿನ ಒಟಿಪಿಯೂ ಬರುತ್ತದೆ. ಫೋನು ಮತ್ತು ಸಿಮ್ ಎರಡೂ ಇದಕ್ಕೆ ಒಗ್ಗಬೇಕು. ನಮ್ಮ ಅತ್ತೆಯವರು ಒಂದು ಕರೆ ಮಾಡಲು ಕೊಡೆ ಹಿಡಿದು ಗೇಟಿನ ತನಕ ಹೋಗುವುದು ನಿಂತದ್ದು ಹೀಗೆ. ನನಗೆ ಕೇಳಿದರೆ ಮಗಳ ಪಾಠಕ್ಕಿಂತ ಇದೇ ಒಂದು ಕೈ ಹೆಚ್ಚು.

ಖರ್ಚಿನ ಲೆಕ್ಕ

ನಾಲ್ಕು ಫೋನುಗಳ ಮನೆ ಎಂದಿಟ್ಟುಕೊಳ್ಳೋಣ. ಒಂದೊಂದಕ್ಕೂ ಸುಮಾರು 300 ರೂಪಾಯಿಯ, 28 ದಿನದ ರೀಚಾರ್ಜ್. ತಿಂಗಳಿಗೊಂದು ಎಂದುಕೊಂಡರೆ ವರ್ಷಕ್ಕೆ ಹನ್ನೆರಡು ಅನಿಸುತ್ತದೆ, ಆದರೆ 28 ದಿನವನ್ನು ಹದಿಮೂರು ಸಲ ಕೂಡಿಸಿದಾಗ ಮಾತ್ರ 364 ದಿನ ಆಗುತ್ತದೆ. ಅಲ್ಲಿಗೆ ನಾಲ್ಕು ಫೋನಿಗೆ ವರ್ಷಕ್ಕೆ 15,600 ರೂಪಾಯಿ.

ಈಗ ಫೈಬರ್ ಸೇರಿಸೋಣ. ತಿಂಗಳಿಗೆ 400 ಎಂದು ಫಲಕದಲ್ಲಿ ಬರೆದದ್ದಕ್ಕೆ ಶೇ. 18ರ ಜಿಎಸ್‌ಟಿ ಸೇರಿ 472, ವರ್ಷಕ್ಕೆ 5,664. ಇದು ಬಂದ ಮೇಲೆ ಮನೆಯಲ್ಲೇ ಇರುವ ಹಿರಿಯರ ಎರಡು ಫೋನಿಗೆ ಡೇಟಾ ಬೇಕಿಲ್ಲ. ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ರೀಚಾರ್ಜ್ ಪ್ರತ್ಯೇಕವಾಗಿ ಕೊಡಲೇಬೇಕು ಎಂದು 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ನಿಯಮ ಮಾಡಿತು. ಅಂಥದ್ದು ವರ್ಷಕ್ಕೆ ಒಂದು ಫೋನಿಗೆ ಹೆಚ್ಚೂಕಡಿಮೆ 2,000 ರೂಪಾಯಿ, ಎರಡಕ್ಕೆ 4,000. ಹೊರಗೆ ಓಡಾಡುವವರ ಎರಡು ಫೋನು ಹಿಂದಿನಂತೆಯೇ, 7,800. ಎಲ್ಲ ಕೂಡಿದರೆ 17,464. ಮೊದಲಿಗಿಂತ 1,864 ಹೆಚ್ಚು, ತಿಂಗಳಿಗೆ 155 ರೂಪಾಯಿ. ಅಷ್ಟಕ್ಕೆ ಯಾರ ಜೇಬನ್ನೂ ಕಾಯಬೇಕಿಲ್ಲದ, ದಿನದ ಮಿತಿ ಇಲ್ಲದ ಇಂಟರ್‌ನೆಟ್ ಮನೆಗೆ ಸಿಗುತ್ತದೆ. ಬೆಲೆಗಳು ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಮನೆಯ ಅಂಕಿ ಹಾಕಿ ಇದೇ ಲೆಕ್ಕ ಮಾಡಿ ನೋಡಿ. ಅಂಗಡಿಯಲ್ಲಿ ಈ ಕರೆ ಮಾತ್ರದ ರೀಚಾರ್ಜ್ ಅನ್ನು ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ವೇಗದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಇದೆ. 40 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 40 ಎಂಬಿ ಇಳಿಯುತ್ತದೆ ಎಂದಲ್ಲ. ಅದು ಬಿಟ್‌ಗಳ ಲೆಕ್ಕ, ಎಂಟರಿಂದ ಭಾಗಿಸಬೇಕು, ಐದು ಎಂಬಿ. ಆದರೂ ಹೆದರಬೇಡಿ. ಒಳ್ಳೆಯ ಎಚ್‌ಡಿ ಚಿತ್ರಕ್ಕೆ ಸುಮಾರು ಐದು ಎಂಬಿಪಿಎಸ್ ಸಾಕು. ನಾಲ್ಕು ಜನ ಒಟ್ಟಿಗೆ ನೋಡಿದರೂ 30ರ ಯೋಜನೆಯಲ್ಲಿ ಉಳಿಯುತ್ತದೆ. ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡುವವರು ಮಾತ್ರ ಅಪ್‌ಲೋಡ್ ವೇಗವನ್ನು ಕೇಳಿ ತಿಳಿದುಕೊಳ್ಳಬೇಕು. ಫೈಬರ್‌ನಲ್ಲಿ ಅದು ಸಾಮಾನ್ಯವಾಗಿ ಡೌನ್‌ಲೋಡ್‌ನಷ್ಟೇ ಇರುತ್ತದೆ, ಏರ್‌ಫೈಬರ್‌ನಲ್ಲಿ ಕಡಿಮೆ. 'ಅನ್‌ಲಿಮಿಟೆಡ್' ಎಂದದ್ದಕ್ಕೂ ಮಿತಿ ಇರುತ್ತದೆ; ಜಿಯೋ ಏರ್‌ಫೈಬರ್‌ನಲ್ಲಿ ತಿಂಗಳಿಗೆ 1,000 ಜಿಬಿ, ಫೈಬರ್‌ನಲ್ಲಿ 3,300 ಜಿಬಿ. ಸಾಮಾನ್ಯ ಮನೆ ಅದರ ಹತ್ತಿರಕ್ಕೂ ಹೋಗುವುದಿಲ್ಲ. ನೂರು, ಇನ್ನೂರು ಎಂಬಿಪಿಎಸ್‌ಗೆ ಹಣ ಕೊಡುವ ಬದಲು ಉಳಿದದ್ದನ್ನು ಮುಂದೆ ಹೇಳುವ ಬ್ಯಾಟರಿಗೆ ಇಡಿ.

ಗೋಡೆ, ಕರೆಂಟು, ಸಿಡಿಲು

ಸಂಪರ್ಕ ಎಷ್ಟೇ ಒಳ್ಳೆಯದಿರಲಿ, ರೂಟರ್ ಇಡುವ ಜಾಗ ತಪ್ಪಿದರೆ ಅರ್ಧ ಹಣ ನೀರಿಗೆ. ಅಳವಡಿಸಲು ಬಂದವರು ತಮಗೆ ಹತ್ತಿರವಾಗುವ ಜಗುಲಿಯ ಮೂಲೆಯಲ್ಲಿ ಮೊಳೆ ಹೊಡೆದು ಹೋಗುತ್ತಾರೆ. ನಮ್ಮ ಮನೆಯ ಹಳೆಯ ಗೋಡೆ ಒಂದೂವರೆ ಅಡಿ ದಪ್ಪದ ಮಣ್ಣು-ಕಲ್ಲಿನದು. ಜಗುಲಿಯಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಅಲೆ ಮೂರು ಗೋಡೆ ದಾಟಬೇಕಿತ್ತು. ಲೈನ್‌ಮನ್ ಕೈಗೆ ಚಹಾ ಕೊಟ್ಟು, "ನಡುಮನೆಯ ತನಕ ಎಳೆದುಕೊಡಿ, ತಂತಿಗೆ ಹೆಚ್ಚಿನದ್ದು ಕೊಡುತ್ತೇವೆ" ಎಂದೆ. ಇಪ್ಪತ್ತು ಮೀಟರಿನಷ್ಟು ತಂತಿ ಹೆಚ್ಚಾಯಿತು, ಇಡೀ ಮನೆಗೆ ವೈಫೈ ಬಂತು. ಅಟ್ಟದ ತೊಲೆಯ ಮೇಲೆ, ನೆತ್ತಿಯ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಕಬ್ಬಿಣದ ಬೀರು, ದೊಡ್ಡ ಕನ್ನಡಿಗಳ ಹಿಂದೆ ಬೇಡ. ರೂಟರ್‌ನಲ್ಲಿ ಎರಡು ಹೆಸರು ಕಂಡರೆ 2.4 ಎಂದಿರುವುದು ದೂರಕ್ಕೆ, ಗೋಡೆಗಳಾಚೆಗೆ. 5 ಎಂದಿರುವುದು ಅದೇ ಕೋಣೆಯ ವೇಗಕ್ಕೆ. ರೂಟರ್‌ನ ಈ 5ಕ್ಕೂ ಮೊಬೈಲಿನ 5ಜಿಗೂ ಸಂಬಂಧವಿಲ್ಲ. ಫೈಬರ್ ತಂತಿಯನ್ನು ಮೂಲೆಯಲ್ಲಿ ತಿರುಗಿಸುವಾಗ ಮುಷ್ಟಿಗಿಂತ ಸಣ್ಣ ಬಳಸು ಬರದಂತೆ ನೋಡಿಕೊಳ್ಳಿ, ಒಳಗಿರುವುದು ಗಾಜು.

ಕರೆಂಟು ಹೋದರೆ? ಫೈಬರ್ ಬೆಳಕಿನ ಸಂಪರ್ಕ, ಊರಿನ ಕರೆಂಟು ಹೋದರೂ ಕೇಬಲ್‌ನವರ ಕಡೆ ಬ್ಯಾಟರಿ ಇದ್ದರೆ ಬರುತ್ತಲೇ ಇರುತ್ತದೆ. ಆರುವುದು ನಮ್ಮ ಮನೆಯ ಪೆಟ್ಟಿಗೆ. ಅದು ಬಹುಪಾಲು 12 ವೋಲ್ಟಿನದು. ಅದಕ್ಕೆಂದೇ ಇಟ್ಟಿಗೆಯ ಅರ್ಧದಷ್ಟು ದೊಡ್ಡದಾದ ಚಿಕ್ಕ ಯುಪಿಎಸ್ ಸಿಗುತ್ತದೆ, ಸಾವಿರದಿಂದ ಎರಡು ಸಾವಿರದೊಳಗೆ. ಎರಡು ಮೂರು ತಾಸು ನಡೆಸುತ್ತದೆ. ಮನೆಗೆ ಇನ್ವರ್ಟರ್ ಇದ್ದವರಿಗೆ ಬೇಡ. ಏರ್‌ಫೈಬರ್‌ನಲ್ಲಿ ಮಾಡಿನ ಪೆಟ್ಟಿಗೆ, ಒಳಗಿನ ರೂಟರ್ ಎರಡಕ್ಕೂ ವಿದ್ಯುತ್ ಬೇಕು, ಮೇಲಾಗಿ ಗೋಪುರದ ಬ್ಯಾಟರಿಯೂ ಉಳಿದಿರಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಊರುಗಳಲ್ಲಿ ಈ ವ್ಯತ್ಯಾಸ ದೊಡ್ಡದು.

ಸಿಡಿಲಿನ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ತಾಮ್ರದ ತಂತಿಯ ಕಾಲದಲ್ಲಿ ಏಪ್ರಿಲ್-ಮೇ ಬಂತೆಂದರೆ ಮನೆಗೊಂದು ಮೋಡೆಮ್ ಸುಡುತ್ತಿತ್ತು, ನಮ್ಮದೇ ಎರಡು ಹೋಗಿವೆ. ಗಾಜಿನ ದಾರದಲ್ಲಿ ವಿದ್ಯುತ್ ಹರಿಯುವುದಿಲ್ಲ, ಅದು ದೊಡ್ಡ ನೆಮ್ಮದಿ. ಆದರೆ ತಂತಿಯ ಹೊರಮೈಯಲ್ಲಿ ಬಲಕ್ಕೆಂದು ಉಕ್ಕಿನ ಎಳೆ ಇರುವುದುಂಟು. ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಗಿದು, ಗಾಜಿನ ದಾರ ಮಾತ್ರ ಒಳಗೆ ಬರುವಂತೆ ಮಾಡಿಸಿ. ಸಿಡಿಲು ಈಗ ನುಗ್ಗುವುದು ಕರೆಂಟಿನ ಪ್ಲಗ್ಗಿನಿಂದ. ಮೊದಲ ಗುಡುಗಿಗೇ ಪ್ಲಗ್ ಎಳೆದಿಡಿ. ಟಿವಿಗೋ ಕಂಪ್ಯೂಟರಿಗೋ ಲ್ಯಾನ್ ತಂತಿ ಹೋಗಿದ್ದರೆ ಅದನ್ನೂ ಕಳಚಿಡಿ. ಮಾಡಿನ ಮೇಲಿನ ಏರ್‌ಫೈಬರ್ ಪೆಟ್ಟಿಗೆಯಿಂದ ಇಳಿಯುವುದು ತಾಮ್ರದ ತಂತಿಯೇ ಎಂಬುದು ನೆನಪಿರಲಿ.

ಇನ್ನೊಂದು ಫೋನೋ, ಒಂದು ಲ್ಯಾಪ್‌ಟಾಪೋ

ಪಿಯುಸಿಗೆ ಸೇರಿದ ಮಗನಿಗೆ 20 ಸಾವಿರದ ಫೋನು ಕೊಡಿಸಬೇಕು ಎಂದು ಕಳೆದ ವರ್ಷ ಒಬ್ಬರು ಬಂದಿದ್ದರು. ಮನೆಯಲ್ಲಿ ಆಗಲೇ ಮೂರು ಸ್ಮಾರ್ಟ್‌ಫೋನು, ಕೀಲಿಮಣೆ ಒಂದೂ ಇಲ್ಲ. ಅದೇ ಹಣಕ್ಕೆ ಮನೆಗೊಂದು ಬಳಸಿದ ಲ್ಯಾಪ್‌ಟಾಪ್ ಬರುತ್ತದೆ, ಅಪ್ಪನ ಹಳೆಯ ಫೋನು ಮಗನಿಗೆ ಸಾಕು ಎಂದೆ. ಫೋನಿನಲ್ಲಿ ನೋಡಬಹುದು, ಕೇಳಬಹುದು, ಹಣ ಕಳಿಸಬಹುದು. ಹತ್ತು ಪುಟದ ಪ್ರಾಜೆಕ್ಟ್ ಬರೆಯುವುದು, ತೋಟದ ಕೂಲಿಯ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಡುವುದು, ಸಿಇಟಿಯ ಆಯ್ಕೆಗಳ ಉದ್ದನೆಯ ಪಟ್ಟಿಯನ್ನು ಮೇಲೆ ಕೆಳಗೆ ಮಾಡುವುದು, ಇವನ್ನೆಲ್ಲ ಹೆಬ್ಬೆರಳಿನಿಂದ ಮಾಡುವವರ ಕಷ್ಟ ನೋಡಿದ್ದೇನೆ. ಹಾಗೆಂದು ಎಲ್ಲರಿಗೂ ಕಂಪ್ಯೂಟರ್ ಬೇಕೆಂದಿಲ್ಲ. ವರ್ಷಕ್ಕೆ ಎರಡು ಅರ್ಜಿ, ಒಂದು ಪಹಣಿ ಮಾತ್ರ ಬೇಕಾದವರಿಗೆ ಗ್ರಾಮ ಒನ್ ಕೇಂದ್ರವಿದೆ. ಹಲವು ಪಂಚಾಯಿತಿಗಳ ಗ್ರಂಥಾಲಯ, ಈಗಿನ ಹೆಸರಿನಲ್ಲಿ ಅರಿವು ಕೇಂದ್ರ, ಅಲ್ಲಿಯೂ ಮಕ್ಕಳು ಕೂರಬಹುದಾದ ಕಂಪ್ಯೂಟರುಗಳಿವೆ.

ಟ್ಯಾಬ್ಲೆಟ್ ಸಣ್ಣ ಮಕ್ಕಳ ಪಾಠಕ್ಕೆ, ಕಣ್ಣು ಮಂಜಾದವರು ಪತ್ರಿಕೆ ಓದಲಿಕ್ಕೆ ಹಿತ. ಬರೆಯುವ ಕೆಲಸಕ್ಕೆ ಅದು ದೊಡ್ಡ ಫೋನೇ. ಡೆಸ್ಕ್‌ಟಾಪ್ ಗಟ್ಟಿ, ಕೆಟ್ಟ ಭಾಗವನ್ನು ಮಾತ್ರ ಬದಲಿಸಬಹುದು, ಟೈಪಿಂಗ್ ಅಂಗಡಿಗೆ ಅದೇ ಸರಿ. ಆದರೆ ಕರೆಂಟು ಹೋದರೆ ಅದರ ಯುಪಿಎಸ್ ಹತ್ತು ಹದಿನೈದು ನಿಮಿಷ ಹಿಡಿದೀತು ಅಷ್ಟೆ. ನಮ್ಮ ಕಡೆಯ ಮನೆಗಳಿಗೆ ಲ್ಯಾಪ್‌ಟಾಪ್ ಎನ್ನಲು ದೊಡ್ಡ ಕಾರಣ ಇದು.

ಹೊಸದು ಕೊಳ್ಳುವ ಶಕ್ತಿ ಇದ್ದರೆ ಎಂಟು ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವುದಕ್ಕಿಂತ ಕಡಿಮೆ ಬೇಡ, ಅದಕ್ಕಿಂತ ಹೆಚ್ಚಿನದ್ದು ಓದುವ ಮಕ್ಕಳಿಗೆ ಅಗತ್ಯವಿಲ್ಲ. ಬಳಸಿದ್ದನ್ನು ಕೊಳ್ಳುವಾಗ ಒಂದು ದಿನಾಂಕ ಮನಸ್ಸಿನಲ್ಲಿರಲಿ: 2025ರ ಅಕ್ಟೋಬರ್ 14. ಅಂದಿಗೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರುಗಳಿಗೆ ಅಧಿಕೃತವಾಗಿ ಬರುವುದಿಲ್ಲ. ಹಾಗಾಗಿ ಅಂಗಡಿಯವರು 'ಐ5 ಇದೆ, ಐ7 ಇದೆ' ಎಂದರೆ ಅಷ್ಟಕ್ಕೇ ಒಪ್ಪಬೇಡಿ. ಪಕ್ಕದ ಅಂಕಿ ನೋಡಿ: ಐ5-8250 ಎಂದಿದ್ದರೆ ಎಂಟನೆಯದು, ಐ5-6200 ಎಂದಿದ್ದರೆ ಆರನೆಯದು. ಆರನೆಯದು ಅರ್ಧ ಬೆಲೆಗೆ ಸಿಕ್ಕರೆ, ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಹಾಕಿಕೊಡುವವರು ಊರಲ್ಲಿದ್ದರೆ ಮಾತ್ರ ಕೊಳ್ಳಬಹುದು. ಅಂಗಡಿಯಲ್ಲೇ ಚಾರ್ಜರ್ ಕಳಚಿ ಅರ್ಧ ತಾಸು ಒಂದು ವಿಡಿಯೊ ಹಚ್ಚಿಡಿ. ಬ್ಯಾಟರಿ ಎಷ್ಟು ಇಳಿಯಿತು, ಕೀಲಿಗಳೆಲ್ಲ ಒತ್ತುತ್ತವೆಯೇ, ಮಡಚುವ ಸಂದು ಸಡಿಲವೇ, ಕ್ಯಾಮೆರಾ ಬರುತ್ತದೆಯೇ, ಎಲ್ಲ ಅಷ್ಟರಲ್ಲಿ ತಿಳಿಯುತ್ತದೆ. ನಾವು ಹುಬ್ಬಳ್ಳಿಯಲ್ಲಿ 18 ಸಾವಿರಕ್ಕೆ ಕೊಂಡದ್ದು ನಾಲ್ಕನೇ ವರ್ಷಕ್ಕೆ ಕಾಲಿಟ್ಟಿದೆ. ಅದಕ್ಕೆ ಮೂರು ತಿಂಗಳ ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿದ್ದೆವು. ಬಾಯಿಮಾತಿನ ವಾರಂಟಿ ಬೇಡ.

ಕೊಂಡ ದಿನವೇ ಕನ್ನಡ ಹಾಕಿಸಿಕೊಳ್ಳಿ. ಇದನ್ನು ಬಿಟ್ಟರೆ ಆ ಯಂತ್ರ ಮನೆಯ ಅರ್ಧ ಜನಕ್ಕೆ ಪರಕೀಯವಾಗಿಯೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಕನ್ನಡ ಕೀಲಿಮಣೆ ಒಳಗೇ ಇರುತ್ತದೆ, ಸೇರಿಸಿಕೊಂಡರಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸಕ್ಕೆ ಕೈ ಕೂತವರು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಹಾಕಿಸಿಕೊಳ್ಳಬಹುದು. 'ಬರಹ' ಬಳಸಿ ಅಭ್ಯಾಸವಾದವರೂ ಬಹಳ ಜನ. ಎರಡರಲ್ಲೂ ಬರೆಯುವ ಮೊದಲು ಯೂನಿಕೋಡ್ ಎಂಬುದನ್ನು ಆರಿಸಿಕೊಳ್ಳಿ, ಅದರಲ್ಲಿ ಬರೆದ ಕನ್ನಡ ಯಾವ ಯಂತ್ರದಲ್ಲೂ ಕನ್ನಡವಾಗಿಯೇ ಕಾಣುತ್ತದೆ. ನಮ್ಮ ಸಂಘದ ವರದಿಯನ್ನು ಒಬ್ಬರು ಹಳೆಯ ಫಾಂಟಿನಲ್ಲಿ ಟೈಪು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರು. ಎಲ್ಲರ ಫೋನಿನಲ್ಲೂ ಇಂಗ್ಲಿಷಿನ ಬಿಡಿ ಅಕ್ಷರ, ಚಿಹ್ನೆಗಳ ರಾಶಿ ಕಂಡಿತು, ಮೂವತ್ತು ಪುಟ ಮತ್ತೆ ಪರಿವರ್ತಿಸಬೇಕಾಯಿತು. ಬೇಗ ಬರೆಯುವುದರಲ್ಲಿ ಮಾತ್ರ ಫೋನಿಗೆ ಒಂದು ಮೇಲುಗೈ ಇದೆ, ಧ್ವನಿಯಿಂದ ಟೈಪು ಮಾಡುವುದು. ನಮ್ಮ ಅತ್ತೆಯವರು ಫೋನಿನ ಗೂಗಲ್ ಕೀಲಿಮಣೆಯಾದ ಜಿಬೋರ್ಡಿನ ಮೈಕ್ ಒತ್ತಿ ಹವ್ಯಕ ಮಾತಿನಲ್ಲಿ ಹೇಳಿದರೆ ಅರ್ಧ ತಪ್ಪು ಬರುತ್ತಿತ್ತು. ಪತ್ರಿಕೆ ಓದುವಂತೆ ಹೇಳಿ ಎಂದ ಮೇಲೆ ಮಗಳಿಗೆ ದಿನವೂ ನಾಲ್ಕು ಸಾಲು ಬರೆಯುತ್ತಾರೆ.

ಹಿರಿಯರ ಫೋನಿನ ವಿಷಯ ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. ಗುಂಡಿ ಫೋನು ವಾರಕ್ಕೊಮ್ಮೆ ಚಾರ್ಜಿಗೆ ಹಾಕಿದರೆ ಸಾಕು, ಬಿದ್ದರೆ ಒಡೆಯುವುದಿಲ್ಲ, ಕಿವಿ ಮಂದವಾದವರಿಗೂ ಜೋರಾಗಿ ಕೇಳುತ್ತದೆ. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ವ್ಯವಸ್ಥೆಯಿಂದ ಅದರಲ್ಲೂ ಹಣ ಕಳಿಸಬಹುದು. ಒಬ್ಬರೇ ತೋಟಕ್ಕೆ ಹೋಗುವ ಮಾವನವರಿಗೆ ಅದನ್ನೇ ಉಳಿಸಿದ್ದೇವೆ. ಮೊಮ್ಮಗಳ ಮುಖ ನೋಡುವ ಆಸೆಯಿರುವ ಅತ್ತೆಯವರಿಗೆ ಸ್ಮಾರ್ಟ್‌ಫೋನು. ಇಬ್ಬರಿಗೂ ಒಂದೇ ಬಗೆಯದು ಕೊಡಬೇಕೆಂಬ ಹಟ ಬೇಡ, ಅವರನ್ನೇ ಕೇಳಿ.

ಅತ್ತೆಯವರ ಫೋನು ಬಳಸಿದ್ದು. ಅಂಥದ್ದನ್ನು ಕೊಳ್ಳುವಾಗ ಹಣ ಕೊಡುವ ಮೊದಲು *#06# ಒತ್ತಿ, ಪರದೆಯ ಮೇಲೆ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಕೆವೈಎಂ ಎಂಬ ಮೂರು ಅಕ್ಷರಗಳನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ಆ ಅಂಕಿ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದು ಯಾವ ಮಾದರಿಯದು, ತಡೆಹಿಡಿದದ್ದೇ ಎಂದು ಉತ್ತರ ಬರುತ್ತದೆ. ಕದ್ದ ಫೋನು ನಮ್ಮ ಕೈಗೆ ಬಂದು ಒಂದು ದಿನ ಇದ್ದಕ್ಕಿದ್ದಂತೆ ನಿಂತುಹೋಗುವುದು ಇದರಿಂದ ತಪ್ಪುತ್ತದೆ. ಫೋನನ್ನು ಅತ್ತೆಯವರ ಕೈಗೆ ಕೊಟ್ಟ ದಿನ ಅದರ ಹಿಂಬದಿಗೆ ಒಂದು ಚೀಟಿ ಅಂಟಿಸಿ 1930 ಎಂದು ಬರೆದಿದ್ದೇನೆ, ಹಣ ವಂಚನೆಯಾದರೆ ತಡಮಾಡದೆ ಕರೆಯಬೇಕಾದ ಸಂಖ್ಯೆ. ಅದರ ಕೆಳಗೆ ಅವರೇ ಪೆನ್ಸಿಲಿನಲ್ಲಿ ಕೇಬಲ್‌ನವರ ನಂಬರನ್ನೂ ಬರೆದುಕೊಂಡಿದ್ದಾರೆ.